ಇಪ್ಪತ್ತೂವರೆ ಕುರಿ

ಗಂಗಾಳಿಗೆ ಹೊಟ್ಟೆಕಿಚ್ಚು ಎಂದು ಹಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಓರಗಿತ್ತಿ ಕಾವ್ಯಶ್ರೀ ಇಸ್ತ್ರಿ ಸೀರೆ ಉಟ್ಟು ಅಂಗಳ ದಾಟಿದರೆ ಸಾಕು, ಗಂಗಾಳ ಕೈಯ ಪೊರಕೆ ಜೋರಾಗುತ್ತದೆ, ಇಲ್ಲದ ಧೂಳೂ ಏಳುತ್ತದೆ. ‘ಏನೇ ಗಂಗಾ, ಬೆಳಗ್ಗೆ ಗುಡಿಸಿದ ಅಂಗಳನೇ ಮತ್ತೆ ಗುಡಿಸ್ತೀಯಲ್ಲ’ ಎಂದು ಅತ್ತೆ ಜಯಕ್ಕ ಕೇಳಿದರೆ, ‘ಹಿಕ್ಕೆ ಬಿದ್ದಿತ್ತು’ ಎನ್ನುತ್ತಾಳೆ. ಕುರಿಗಳಿರುವ ಮನೆಯಲ್ಲಿ ಹಿಕ್ಕೆಗೇನು ಬರ?

ಮಾಡದಕೆರೆಯಿಂದ ಎರಡು ಮೈಲಿ ಒಳಗಿರುವ ಹಟ್ಟಿ ಅದು. ಗಂಗಾ ಹಿರಿಯ ಸೊಸೆ, ಶಿವುವಿನ ಹೆಂಡತಿ. ಬಂದು ಹದಿನೇಳು ವರ್ಷವಾಯಿತು. ಕಾವ್ಯಶ್ರೀ ಶಿವುವಿನ ತಮ್ಮ ಜುಂಜೇಶನನ್ನು ಮದುವೆಯಾಗಿ ಆರು ವರ್ಷದ ಹಿಂದೆ ಹಿರಿಯೂರಿನಿಂದ ಬಂದವಳು. ಹೈವೇ ಪಕ್ಕದಲ್ಲಿ ಬೆಳೆದವಳು, ಪಿಯುಸಿ ಪಾಸಾದವಳು. ಮಾಡದಕೆರೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ ಹೋದಾಗ, ಇವಳು ತನ್ನ ಪಾಡಿಗೆ ತಾನು ಜಗಲಿಯ ಮೇಲೆ ಚಾಪೆ ಹಾಸಿ, ಗೋಡೆಗೆ ಒಂದು ಕರಿಹಲಗೆ ಒರಗಿಸಿ, ಹಟ್ಟಿಯ ಮಕ್ಕಳಿಗೆ ಸಂಜೆ ಪಾಠ ಶುರುಮಾಡಿದಳು. ಅಂದಿನಿಂದ ಅವಳು ಹಟ್ಟಿಗೆಲ್ಲ ‘ಟೀಚರ್’. ಜಯಕ್ಕನ ಬಾಯಲ್ಲೂ ಟೀಚರ್. ಅದೇ ಜಯಕ್ಕ ಗಂಗಾಳನ್ನು ಹದಿನೇಳು ವರ್ಷದಿಂದ ಕರೆಯುವುದು ‘ಏ ಇವಳೇ’ ಎಂದು.

ಕಾವ್ಯಶ್ರೀ ಕೆಟ್ಟವಳಾಗಿದ್ದರೆ ಗಂಗಾಳ ಕೆಲಸ ಸಲೀಸಾಗುತ್ತಿತ್ತು. ಆಕೆ ಕೆಟ್ಟವಳಲ್ಲ. ‘ಅಕ್ಕಾ, ನೀವು ಕುಂತ್ಕಳ್ರಿ, ನಾನು ತಿರುವ್ತೀನಿ’ ಎಂದು ಮುದ್ದೆ ಕೋಲು ಕಸಿದುಕೊಳ್ಳುವವಳು. ಸಂತೆಯಿಂದ ತನಗೊಂದು ರವಿಕೆ ಬಟ್ಟೆ ತಂದರೆ ಅಕ್ಕನಿಗೂ ಒಂದು ತರುವವಳು. ಇಂಥವಳನ್ನು ದ್ವೇಷಿಸಲು ಎಷ್ಟು ಕಷ್ಟಪಡಬೇಕೆಂದು ಗಂಗಾಳಿಗೇ ಗೊತ್ತು.

ಇದಿಷ್ಟನ್ನೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ನುಂಗಲಾರದೆ ಹೋದದ್ದು ಮಗಳ ವಿಷಯ. ಮೇಘಶ್ರೀ ಹತ್ತನೇ ತರಗತಿಗೆ ಬಂದ ಮೇಲೆ ಮಾತುಮಾತಿಗೂ ‘ಚಿಕ್ಕಮ್ಮ ಹಂಗಂದ್ರು, ಚಿಕ್ಕಮ್ಮ ಹಿಂಗಂದ್ರು’. ಜಡೆ ಚಿಕ್ಕಮ್ಮನ ಹಾಗೆ. ಅಕ್ಷರ ಕೂಡ ಚಿಕ್ಕಮ್ಮನ ಹಾಗೆ ದುಂಡಗೆ ತಿರುಗಿತು. ಒಂದು ದಿನ ಹುಡುಗಿ ಯಾವುದೋ ಲೆಕ್ಕದ ಮುಂದೆ ಪೆನ್ನು ಕಚ್ಚುತ್ತ ಕುಳಿತಿದ್ದಾಗ ಗಂಗಾ ಹತ್ತಿರ ಹೋಗಿ ಬಗ್ಗಿ ನೋಡಿದಳು. ‘ತೋರ್ಸು ಇಲ್ಲಿ, ಏನದು?’

‘ಬಿಡವ್ವ, ಇದು ನಿಂಗೆ ಗೊತ್ತಾಗಲ್ಲ’ ಎಂದಳು ಮೇಘಶ್ರೀ. ಸಿಟ್ಟಿನಿಂದ ಹೇಳಲಿಲ್ಲ. ಬಿಸಿಲಿದೆ ಎಂದೋ ಸಂಜೆಯಾಯಿತು ಎಂದೋ ಹೇಳುವ ಧಾಟಿಯಲ್ಲಿ ಹೇಳಿ ಪುಸ್ತಕ ಎತ್ತಿಕೊಂಡು ಚಿಕ್ಕಮ್ಮನ ಜಗಲಿಗೆ ನಡೆದಳು. ಗಂಗಾ ಒಳಗೆ ಹೋಗಿ ಕೊತ್ತಂಬರಿ ಸೋಸುತ್ತ ಕುಳಿತಳು, ಒಳ್ಳೆಯ ಎಲೆಯನ್ನೆಲ್ಲ ಕಸಕ್ಕೆ ಹಾಕಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಮಗಳು ಒಂದು ಸಲ, ಒಂದೇ ಒಂದು ಸಲ, ‘ಅವ್ವಾ, ಇದು ಹೆಂಗೆ?’ ಎಂದು ತನ್ನ ಬಳಿ ಬರಬೇಕು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಹುಡುಗಿ ಪೆನ್ನು ಕಚ್ಚುತ್ತ ಕುಳಿತಿದ್ದ ಆ ಜಾತಿಯ ಲೆಕ್ಕ ಗಂಗಾಳಿಗೆ ಲಂಗ ಉಡುವ ವಯಸ್ಸಿನಿಂದ ಗೊತ್ತು.

ಅವಳ ತವರು ಹೊಳಲ್ಕೆರೆ ಕಡೆಯ ಒಂದು ಹಟ್ಟಿ. ತಂದೆ ಗೊಲ್ಲಪ್ಪ, ಅವನ ತಮ್ಮ, ಇಬ್ಬರಿಗೂ ಬೇರೆ ಬೇರೆ ಕುರಿಮಂದೆ. ಅವರ ವಂಶದಲ್ಲಿ ಒಂದು ಕಟ್ಟಳೆ: ಯಾರ ಮಂದೆಯಲ್ಲಿ ಒಟ್ಟು ಎಷ್ಟು ಕುರಿ ಎಂದು ಬಾಯಿಬಿಟ್ಟು ಹೇಳಕೂಡದು, ಹೇಳಿದರೆ ದೃಷ್ಟಿಯಾಗುತ್ತದೆ. ‘ಎಷ್ಟವೆ ಗೊಲ್ಲಪ್ಪ?’ ಎಂದು ಯಾರಾದರೂ ಕೇಳಿದರೆ ‘ಅವೆ, ಬೇಕಾದಷ್ಟು’ ಎಂಬುದೇ ಉತ್ತರ. ಆದರೆ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಲು ಕೇಳುವಾಗ ಇಷ್ಟು ತಲೆ ಬೇಕು ಎಂದು ಲೆಕ್ಕ ಕೊಟ್ಟೇ ಕೇಳುತ್ತಾರೆ. ಹೊಲಕ್ಕೆ ಹೋಗುವ ಕುರಿಯ ಲೆಕ್ಕ ಹೇಳಬಹುದು, ಮಂದೆಯ ಲೆಕ್ಕ ಹೇಳುವಂತಿಲ್ಲ. ಹಾಗಾಗಿ ಅಣ್ಣತಮ್ಮಂದಿರು ಪಾಲಿನಲ್ಲೇ ಮಾತಾಡುವರು. ‘ನಂದ್ರಲ್ಲಿ ಅರ್ಧ, ನಿಂದ್ರಲ್ಲಿ ಮೂರರಲ್ಲೊಂದು ಪಾಲು ಹೊಡ್ಕಂಡು ಹೋಗಾಣ, ಗೌಡ್ರು ಹೊಲಕ್ಕೆ ಸರಿಹೋಗ್ತದೆ.’ ಮರುವಾರ ಇನ್ನೊಂದು ಹೊಲ, ಇನ್ನೊಂದು ಪಾಲು. ಎಂಟು ವರ್ಷದ ಗಂಗಾ ಎರಡೂ ವಾರದ ಮಾತು ಕೇಳಿಸಿಕೊಂಡು, ಕಣ್ಣು ಮುಚ್ಚಿ ತೆರೆದು, ಎರಡು ಮಂದೆಯ ತಲೆಯನ್ನೂ ಅಪ್ಪನ ಕಿವಿಯಲ್ಲಿ ಉಸುರುತ್ತಿದ್ದಳು. ‘ಬಾಯ್ ಮುಚ್ಚೇ, ಮಾರಿ’ ಎಂದು ಗೊಲ್ಲಪ್ಪ ಗದರುತ್ತಿದ್ದ. ಗದರಿ ಅವಳ ತಲೆ ಸವರುತ್ತಿದ್ದ.

ಇಷ್ಟು ಬಲ್ಲವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದಳು ಎಂದರೆ ನಂಬುವುದು ಹೇಗೆ? ಪರೀಕ್ಷೆಯಲ್ಲಿ ಒಬ್ಬ ಕುರಿಗಾಹಿಯ ಲೆಕ್ಕ ಬಂದಿತ್ತು. ಗಂಗಾ ಎಲ್ಲ ಹಂತ ಬರೆದಳು. ಕೊನೆಯಲ್ಲಿ ಅವನ ಬಳಿ ಒಟ್ಟು ಎಷ್ಟು ಕುರಿ ಎಂದು ಬರೆಯುವ ಹೊತ್ತಿಗೆ ಪೆನ್ನು ನಿಂತಿತು. ಅವನು ಯಾರೋ ಏನೋ, ಅವನ ಕುರಿಗೆ ತಾನೇಕೆ ಕೇಡು ತರಬೇಕು? ‘ಬೇಕಾದಷ್ಟು ಇವೆ’ ಎಂದು ಬರೆದು ಎದ್ದು ಬಂದಳು. ಪಾಸಾಗಲು ಮೂವತ್ತೈದು ಬೇಕು, ಬಂದದ್ದು ಮೂವತ್ತನಾಲ್ಕು. ಆ ಒಂದು ಅಂಕ ಅಲ್ಲೇ ಹೋಯಿತೆಂದು ಅವಳು ಇವತ್ತಿಗೂ ಹೇಳುತ್ತಾಳೆ. ಉಳಿದ ಅರವತ್ತೈದು ಎಲ್ಲೆಲ್ಲಿ ಹೋದವು ಎಂಬುದನ್ನು ಹೇಳುವುದಿಲ್ಲ. ಮತ್ತೆ ಪರೀಕ್ಷೆ ಕಟ್ಟಬೇಕೆನ್ನುವಷ್ಟರಲ್ಲಿ ಅಪ್ಪ ಮಂದೆ ಹೊಡೆದುಕೊಂಡು ವಲಸೆ ಹೊರಟ, ಮುಂದಿನ ವರ್ಷ ಮದುವೆ. ಅಲ್ಲಿಗೆ ಗಂಗಾ ‘ಓದದವಳು’ ಎಂದಾದಳು. ಲೆಕ್ಕ ತಲೆಯಲ್ಲೇ ಉಳಿಯಿತು, ಕೇಳುವವರಿರಲಿಲ್ಲ.

ಈಗ ನಿಜವಾದ ಕಥೆ. ದಸರಾ ಕಳೆದ ಮೇಲೆ ಒಂದು ಸಂಜೆ ಗಂಗಾ ಜಗಲಿಯ ಗೋಡೆಯ ಈಚೆ ಬದಿಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಅಲ್ಲೇ ಯಾಕೆ ಕುಳಿತಳು ಎಂದು ಕೇಳಬೇಡಿ. ಅವರೆಕಾಯಿ ಸುಲಿಯಲು ಮನೆಯಲ್ಲಿ ಬೇರೆ ಜಾಗವೂ ಇತ್ತು. ಆಚೆ ಬದಿಯಲ್ಲಿ ಕಾವ್ಯಶ್ರೀ ಎರಡು ಸಮೀಕರಣ ಬರೆದು ಪಾಠ ಹೇಳುತ್ತಿದ್ದಳು. ಎರಡರಲ್ಲೂ ಭಿನ್ನರಾಶಿ.

‘ನೋಡ್ರಿ, ಭಿನ್ನರಾಶಿ ಕಂಡ್ರೆ ಹೆದರಬಾರದು. ಮೊದಲು ಛೇದಗಳ ಲಸಾಅ ತಗೀರಿ. ಎರಡು, ಮೂರು. ಲಸಾಅ ಆರು. ಆರರಿಂದ ಗುಣಿಸಿದ್ರೆ ಎಕ್ಸ್ ಬೈ ಎರಡು ಹೋಗಿ ಮೂರು ಎಕ್ಸ್ ಆತು. ವೈ ಬೈ ಮೂರು ಹೋಗಿ ಎರಡು ವೈ ಆತು. ಛೇದ ಹೋತು, ಕಾಟ ಹೋತು.’

‘ಬಲಗಡೆ ಏಳು ಐತಲ್ಲ ಚಿಕ್ಕಮ್ಮ, ಅದಕ್ಕೆ?’ ಮೇಘಶ್ರೀಯ ದನಿ.

‘ಏಳಕ್ಕೆ ಛೇದ ಎಲ್ಲೈತೆ? ಅದು ಪೂರ್ಣಾಂಕ. ರೋಗ ಇದ್ದೋರಿಗೆ ತಾನೇ ಔಷಧಿ? ಅದು ಹಂಗೇ ಇರ್ಲಿ.’

ಮಕ್ಕಳು ನಕ್ಕವು. ಗೋಡೆಯ ಈಚೆ ಗಂಗಾಳ ಕಿವಿ ನೆಟ್ಟಗಾಯಿತು. ಎಡಗಡೆಯನ್ನು ಆರರಿಂದ ಗುಣಿಸಿ ಬಲಗಡೆಯನ್ನು ಹಾಗೇ ಬಿಡುವುದೇ? ಹೊಲಕ್ಕೆ ಆರು ಪಟ್ಟು ಕುರಿ ನುಗ್ಗಿಸಿ, ತಲೆ ಎಣಿಸುವಾಗ ಮಾತ್ರ ಮೊದಲಿನಷ್ಟೇ ಇವೆ ಎಂದರೆ ಯಾವ ಗೌಡ ಒಪ್ಪುತ್ತಾನೆ? ತಪ್ಪು. ಶುದ್ಧ ತಪ್ಪು. ಪಿಯುಸಿ ಪಾಸಾದ ಟೀಚರ್ ತಪ್ಪು ಹೇಳಿಕೊಡುತ್ತಿದ್ದಾಳೆ! ಗಂಗಾಳ ಹೊಟ್ಟೆಗೆ ತಂಪು ಹಾಲು ಹೊಯ್ದಂತಾಯಿತು. ಸುಲಿದ ಕಾಳನ್ನು ಬುಟ್ಟಿಗೆ, ಸಿಪ್ಪೆಯನ್ನು ಕಸಕ್ಕೆ, ಆ ಸಂಜೆ ಒಂದೂ ತಪ್ಪದೆ ಹಾಕಿದಳು.

ಎದ್ದು ಹೋಗಿ ಹೇಳಬಹುದಿತ್ತು. ಕಾವ್ಯಶ್ರೀ ‘ಅಯ್ಯೋ ಹೌದಲ್ಲಕ್ಕ’ ಎಂದು ಅಲ್ಲೇ ಅಳಿಸಿ ಸರಿಮಾಡುತ್ತಿದ್ದಳು, ಅಷ್ಟು ಸಲೀಸು ಹೆಣ್ಣು. ಅದೇ ಗಂಗಾಳಿಗೆ ಬೇಡವಾಗಿತ್ತು. ಹೇಳಿದರೆ ತಪ್ಪು ಅಳಿಸಿಹೋಗುತ್ತದೆ. ಹೇಳದಿದ್ದರೆ ಒಂದಲ್ಲ ಒಂದು ದಿನ ಯಾರಾದರೂ ತಿಳಿದವರು ಮಕ್ಕಳ ಪುಸ್ತಕ ನೋಡಿ, ‘ಯಾವ ಪುಣ್ಯಾತ್ಗಿತ್ತಿ ಇದನ್ನ ಹೇಳ್ಕೊಟ್ಟಿದ್ದು?’ ಎಂದು ಕೇಳುತ್ತಾರೆ. ಆಗ ನೋಡೋಣ ಯಾರು ಟೀಚರ್ ಎಂದು. ಮಗಳು ಆಗಲಾದರೂ ತಿರುಗಿ ನೋಡುತ್ತಾಳೆ. ಹೀಗೆಂದು ಲೆಕ್ಕ ಹಾಕಿ ಬಾಯಿಗೆ ಬೀಗ ಹಾಕಿಕೊಂಡಳು. ಕಾವ್ಯಶ್ರೀ ಲೆಕ್ಕಗಳನ್ನು ತಾನೇ ಮನಸ್ಸಿಗೆ ಬಂದಂತೆ ಬರೆದುಕೊಡುತ್ತಿದ್ದುದರಿಂದ ಉತ್ತರ ಹೋಲಿಸಿ ನೋಡಲು ಪುಸ್ತಕದ ಕೊನೆಯ ಉತ್ತರದ ಪುಟವೂ ಇರಲಿಲ್ಲ. ಉತ್ತರ ವಕ್ರವಾಗಿ ಬಂದರೆ ಮಕ್ಕಳು ಲೆಕ್ಕವೇ ಹಾಗಿರಬೇಕು ಎಂದುಕೊಂಡವು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ನವೆಂಬರಿನಲ್ಲಿ ಹೊಸದುರ್ಗದಲ್ಲಿ ತಾಲ್ಲೂಕು ಮಟ್ಟದ ಗಣಿತ ಸ್ಪರ್ಧೆ, ಶಾಲೆಗೊಬ್ಬರು. ಮಾಡದಕೆರೆ ಶಾಲೆಯಿಂದ ಮೇಘಶ್ರೀ ಆಯ್ಕೆಯಾದಳು. ವೇದಿಕೆಯ ಮೇಲೆ, ಕರಿಹಲಗೆಯ ಮುಂದೆ, ಎಲ್ಲರೆದುರು ಲೆಕ್ಕ ಬಿಡಿಸಬೇಕು.

ಸುದ್ದಿ ಕೇಳಿ ಗಂಗಾಳ ಎದೆ ಒಮ್ಮೆ ಹಿಗ್ಗಿತು, ಮರುಗಳಿಗೆಯಲ್ಲಿ ಅವರೆಕಾಯಿ ಸುಲಿದ ಸಂಜೆ ನೆನಪಾಯಿತು. ಬೀಳುವ ಹಳ್ಳವನ್ನು ಅವಳು ಬೇರೆಯವಳಿಗೆಂದು ನೋಡಿಟ್ಟಿದ್ದಳು. ಈಗ ಅದರ ಕಡೆ ನಡೆಯುತ್ತಿದ್ದವಳು ಸ್ವಂತ ಮಗಳು. ವಾರವೆಲ್ಲ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡಿದಳು. ಅಷ್ಟು ಪಾಠಗಳಿವೆ, ಅದೇ ಲೆಕ್ಕ ಯಾಕೆ ಬರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೊನೆಗೆ ಹೊರಡುವ ಬೆಳಿಗ್ಗೆ, ಹಾಳಾಗಿ ಹೋಗಲಿ, ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿ ಕೈ ಒರೆಸಿಕೊಂಡು ಹೊರಗೆ ಬಂದಳು. ‘ಮೇಘಾ, ಇಲ್ಲಿ ಬಾ, ಒಂದು ಮಾತು’ ಎಂಬುದು ನಾಲಗೆಯ ತುದಿಯಲ್ಲಿತ್ತು.

ಅಂಗಳದಲ್ಲಿ ಮೇಘಶ್ರೀ ಬಗ್ಗಿ ಚಿಕ್ಕಮ್ಮನ ಕಾಲಿಗೆ ನಮಸ್ಕಾರ ಮಾಡುತ್ತಿದ್ದಳು. ಕಾವ್ಯಶ್ರೀ ಅವಳನ್ನು ಎತ್ತಿ, ‘ಮೊದಲು ಅವ್ವಂಗೆ ಮಾಡ್ಬೇಕಲ್ಲೇ’ ಎಂದಳು.

‘ಕಲಿಸಿದ್ದು ನೀವಲ್ವಾ?’ ಎಂದಳು ಹುಡುಗಿ, ನಗುತ್ತ.

ಆಮೇಲೆ ಗಂಗಾಳ ಕಾಲಿಗೂ ನಮಸ್ಕಾರ ಮಾಡಿದಳು. ಎರಡನೆಯ ನಮಸ್ಕಾರ. ಗಂಗಾ ಅವಳ ತಲೆ ಮುಟ್ಟಿದಳು. ನಾಲಗೆಯ ತುದಿಯ ಮಾತು ಗಂಟಲಿಗೆ ಇಳಿದು ಅಲ್ಲಿಂದಲೂ ಕೆಳಗೆ ಹೋಯಿತು. ಕಲಿಸಿದವಳು ಅವಳಲ್ಲವೇ, ಅವಳೇ ನೋಡಿಕೊಳ್ಳಲಿ.

ಹೊಸದುರ್ಗದ ಸಭಾಂಗಣದಲ್ಲಿ ಓರಗಿತ್ತಿಯರಿಬ್ಬರೂ ಅಕ್ಕಪಕ್ಕ ಕುಳಿತರು. ತೀರ್ಪುಗಾರರು ತಿಪ್ಪೇರುದ್ರಪ್ಪ ಎಂಬ ನಿವೃತ್ತ ಮೇಷ್ಟ್ರು, ನಗಿಸುವ ಆಸಾಮಿ. ಮಕ್ಕಳು ಯಾವ ಹಳ್ಳಿಯವರೋ ಆ ಹಳ್ಳಿಗೆ ಹೊಂದುವ ಹಾಗೆ ಲೆಕ್ಕ ಕಟ್ಟುವುದು ಅವರ ಷೋಕಿ. ತೆಂಗಿನ ತೋಟದ ಹುಡುಗನಿಗೆ ಕಾಯಿಯ ಲೆಕ್ಕ ಕೊಟ್ಟರು. ಮೇಘಶ್ರೀ ಯಾವ ಹಟ್ಟಿಯವಳೆಂದು ಕೇಳಿ ಕನ್ನಡಕ ಏರಿಸಿದರು.

‘ಹಂಗಾದ್ರೆ ಕುರಿ ಲೆಕ್ಕ ತಗಳಮ್ಮ. ಇಬ್ಬರು ಕುರಿಗಾಹಿಗಳು. ಮೊದಲನೆಯವನ ಹಿಂಡಿನ ಅರ್ಧಕ್ಕೆ ಎರಡನೆಯವನ ಹಿಂಡಿನ ಮೂರನೇ ಒಂದು ಭಾಗ ಸೇರಿಸಿದ್ರೆ ನಲವತ್ತನಾಲ್ಕು. ಮೊದಲನೆಯವನ ಕಾಲು ಭಾಗಕ್ಕೆ ಎರಡನೆಯವನ ಅರ್ಧ ಸೇರಿಸಿದ್ರೆ ನಲವತ್ತೆರಡು. ಯಾರತ್ರ ಎಷ್ಟು?’

ಅವರು ಮಾತು ಮುಗಿಸುವಷ್ಟರಲ್ಲಿ ಗಂಗಾಳ ತಲೆಯಲ್ಲಿ ಉತ್ತರ ಬಂದು ನಿಂತಿತ್ತು. ನಲವತ್ತೆಂಟು, ಅರವತ್ತು. ಮೇಘಶ್ರೀ ಸೀಮೆಸುಣ್ಣ ಹಿಡಿದು ದುಂಡಗಿನ ಅಕ್ಷರದಲ್ಲಿ ಎರಡು ಸಮೀಕರಣ ಬರೆದಳು. ಸರಿಯಾಗಿತ್ತು. ಮೊದಲನೆಯದಕ್ಕೆ ಲಸಾಅ ಆರು, ಎರಡನೆಯದಕ್ಕೆ ನಾಲ್ಕು. ಸರಿಯಾಗಿತ್ತು. ಮೂರು ಎಕ್ಸ್, ಎರಡು ವೈ, ಸಮ... ಗಂಗಾ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಇನ್ನೂರ ಅರವತ್ತನಾಲ್ಕು ಬರಿ ತಾಯಿ, ಬರಿ.

ಮೇಘಶ್ರೀ ನಲವತ್ತನಾಲ್ಕು ಎಂದು ಬರೆದಳು. ಕೆಳಗೆ, ಎಕ್ಸ್, ಎರಡು ವೈ, ಸಮ ನಲವತ್ತೆರಡು. ಕಳೆದಳು. ಪಕ್ಕದಲ್ಲಿ ಕಾವ್ಯಶ್ರೀ ಸಂತೋಷದಿಂದ ಗಂಗಾಳ ಮೊಣಕೈ ಅಮುಕಿ, ‘ಎಷ್ಟು ಚುರುಕು ನೋಡ್ರಿ ಅಕ್ಕ’ ಎಂದಳು.

ಹುಡುಗಿ ತಿರುಗಿ ನಿಂತು ಗಟ್ಟಿಯಾಗಿ ಹೇಳಿದಳು: ‘ಮೊದಲನೆಯವನ ಹತ್ರ ಒಂದು ಕುರಿ. ಎರಡನೆಯವನ ಹತ್ರ ಇಪ್ಪತ್ತೂವರೆ.’

‘ಇಪ್ಪತ್ತೂವರೆ?’ ಎಂದರು ತಿಪ್ಪೇರುದ್ರಪ್ಪ. ‘ಕುರಿ ಹಟ್ಟಿ ಹುಡುಗಿ ನೀನು. ಉಳಿದರ್ಧ ಎಲ್ಲಮ್ಮ, ಸಾರಿಗೆ ಹೋಯ್ತಾ?’

ಸಭಾಂಗಣ ಹೋ ಎಂದು ನಕ್ಕಿತು. ಅವರಿಗೆ ನೋಯಿಸುವ ಉದ್ದೇಶವಿರಲಿಲ್ಲ, ಅಭ್ಯಾಸಬಲದ ಮಾತು ಅದು. ‘ಕುಂತ್ಕ ಹೋಗಮ್ಮ, ಪರವಾಗಿಲ್ಲ’ ಎಂದೂ ಹೇಳಿದರು. ಆದರೆ ಮೇಘಶ್ರೀ ಕುಳಿತುಕೊಳ್ಳಲು ಹೋಗಲಿಲ್ಲ. ಹಲಗೆಯನ್ನು ನೋಡುತ್ತ, ತಪ್ಪು ಎಲ್ಲಿದೆಯೆಂದು ಮೇಲಿಂದ ಕೆಳಗೆ ಹುಡುಕುತ್ತ ನಿಂತೇ ಇದ್ದಳು. ಹೆಸರು ಕೂಗಿ ಮುಂದಿನ ಹುಡುಗನನ್ನು ಕರೆದ ಮೇಲೆ ಇಳಿದಳು.

ಮಾಡದಕೆರೆಯ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಮೂವರೂ ಕುಳಿತರು, ನಡುವೆ ಹುಡುಗಿ. ಕಾವ್ಯಶ್ರೀ ಕಣ್ಣೊರೆಸಿಕೊಳ್ಳುತ್ತಿದ್ದಳು. ‘ನಂದೇ ಏನೋ ತಪ್ಪು ಐತೆ ಕಣೇ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಾನೇ ಹಾಳು ಮಾಡಿದೆ ನಿನ್ನ.’

‘ನಿಮ್ದಲ್ಲ ಚಿಕ್ಕಮ್ಮ’ ಎಂದಳು ಮೇಘಶ್ರೀ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಅವಳಿಗೆ ಆಗ ಬಂತು. ‘ನೀವು ಸರಿಯಾಗೇ ಹೇಳ್ಕೊಟ್ಟಿದ್ರಿ. ನಾನೇ ಎಲ್ಲೋ ಮರ್ತೆ.’ ಹಾಗೆಂದು ಚಿಕ್ಕಮ್ಮನ ಭುಜಕ್ಕೆ ತಲೆ ಆನಿಸಿದಳು.

ಗಂಗಾಳಿಗೆ ಅಲ್ಲಿಯವರೆಗೆ ಮರುಕವೇ ಇತ್ತು, ಅದು ಸುಳ್ಳಲ್ಲ. ಆ ಭುಜವನ್ನು ಕಂಡ ಕೂಡಲೇ ಮರುಕವೆಲ್ಲ ಉರಿದುಹೋಯಿತು. ಇಷ್ಟಾದ ಮೇಲೂ ಅವಳೇ? ತಪ್ಪು ಕಲಿಸಿ, ಊರ ಮುಂದೆ ನಗಿಸಿ, ಇನ್ನೂ ಅವಳ ಭುಜವೇ?

‘ನೀನೇನು ಮರ್ತಿಲ್ಲ!’ ಎಂದಳು, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ. ‘ಆರರಿಂದ ಗುಣಿಸಿದ್ರೆ ಬಲಗಡೆ ನಲವತ್ನಾಲ್ಕನ್ನೂ ಗುಣಿಸ್ಬೇಕು. ಎರಡು ಕಡೀಗೂ ಒಂದೇ ನ್ಯಾಯ. ಲಸಾಅ ಗಿಸಾಅ ಬಿಡು, ಇಲ್ಲಿ ಕೇಳು. ಎರಡನೇ ಮಾತನ್ನ ಎರಡು ಪಟ್ಟು ಮಾಡು. ಮೊದಲ್ನೇವನ ಅರ್ಧ, ಎರಡ್ನೇವನ ಪೂರಾ ಮಂದೆ, ಎಂಬತ್ನಾಲ್ಕು. ಮೊದಲ್ನೇ ಮಾತಲ್ಲೂ ಮೊದಲ್ನೇವನ ಅರ್ಧನೇ ಐತೆ, ಹೌದಾ? ಇದ್ರಲ್ಲಿ ಅದನ್ನ ಕಳಿ. ಉಳಿಯೋದು ಎರಡ್ನೇವನ ಮೂರರಲ್ಲಿ ಎರಡು ಪಾಲು. ಅದು ನಲವತ್ತು. ಒಂದು ಪಾಲು ಇಪ್ಪತ್ತು, ಮಂದೆ ಅರವತ್ತು. ನಲವತ್ನಾಲ್ಕರಲ್ಲಿ ಅವನ ಪಾಲು ಇಪ್ಪತ್ತು ತೆಗೆದ್ರೆ ಮೊದಲ್ನೇವನ ಅರ್ಧ ಇಪ್ಪತ್ನಾಲ್ಕು, ಮಂದೆ ನಲವತ್ತೆಂಟು.’

ಮೇಘಶ್ರೀ ಭುಜದಿಂದ ತಲೆ ಎತ್ತಿದಳು. ಬೆರಳು ಮಡಿಚಿ ಒಮ್ಮೆ ಎಣಿಸಿದಳು. ಒದ್ದೆ ಕಣ್ಣು ಅರಳಿತು. ‘ಅವ್ವಾ!’ ಎಂದಳು. ‘ನಿಂಗೆ ಬರ್ತದಾ ಇದು?’

ಗಂಗಾ ಎಷ್ಟು ದಿನದಿಂದ ಕಾದಿದ್ದ ಮುಖ ಅದು. ಅವಳಿಗೆ ಅಲ್ಲಿಗೇ ನಿಲ್ಲಿಸಲಾಗಲಿಲ್ಲ. ಉರಿ ಇನ್ನೂ ಉಳಿದಿತ್ತು. ‘ಬರ್ದೇ ಏನು? ಇವಳು ಬಲಗಡೆ ಬಿಟ್ಟು ಹೇಳ್ಕೊಡ್ತಿದ್ಲಲ್ಲ, ಮೊದಲ್ನೇ ದಿನಾನೇ ಗೊತ್ತಾತು ನಂಗೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹೊರಟಿತು. ಕಾವ್ಯಶ್ರೀ ಕಿಟಕಿಯ ಕಡೆ ತಿರುಗಿಕೊಂಡಳು. ಮೇಘಶ್ರೀಯ ಮುಖದ ಬೆಳಕು ಅಲ್ಲೇ ಆರಿತು.

‘ಮೊದಲ್ನೇ ದಿನ ಅಂದ್ರೆ?’

ಗಂಗಾ ಸೆರಗು ಸರಿಮಾಡಿಕೊಂಡಳು.

‘ಯಾವಾಗಿಂದ ಗೊತ್ತಿತ್ತವ್ವ?’

‘ದಸರಾ ಆದ್ಮೇಲೆ.’

‘ಇವತ್ತು ಬೆಳಿಗ್ಗೇನೂ ಗೊತ್ತಿತ್ತಾ?’

‘ಗೊತ್ತಿತ್ತು’ ಎಂದಳು ಗಂಗಾ.

ಹುಡುಗಿ ಊರು ಬರುವವರೆಗೂ ಯಾರ ಭುಜಕ್ಕೂ ಒರಗದೆ ನೆಟ್ಟಗೆ ಕುಳಿತಿದ್ದಳು.

ಮರುದಿನ ಸಂಜೆ ಕಾವ್ಯಶ್ರೀ ಜಗಲಿಯ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು, ‘ನಾನು ತಪ್ಪು ಹೇಳ್ಕೊಟ್ಟಿದ್ದೆ, ಅಳಿಸ್ರಿ’ ಎಂದಳು. ಆಮೇಲೆ ಒಳಗೆ ಬಂದು, ‘ಅಕ್ಕಾ, ನಿಮ್ದು ಸಲೀಸಾಗೈತೆ, ಬರ್ರಿ, ನಂಗೂ ಹೇಳ್ಕೊಡ್ರಿ’ ಎಂದು ಕೈ ಹಿಡಿದು ಎಬ್ಬಿಸಿದಳು. ಗೊತ್ತಿಲ್ಲವೆಂದು ಇಷ್ಟು ಹಗುರಾಗಿ ಹೇಳುವುದು ಇವಳಿಗೆ ಹೇಗೆ ಬರುತ್ತದೆ? ಗಂಗಾಳಿಗೆ ಅದಕ್ಕೂ ಹೊಟ್ಟೆ ಉರಿಯಿತು. ಆದರೂ ಹೋದಳು, ಹೇಳಿಕೊಟ್ಟಳು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಈಗ ವಾರಕ್ಕೆ ಎರಡು ಸಂಜೆ ಜಗಲಿ ಅವಳದೇ. ಜಯಕ್ಕ ಕೂಡ ‘ಏ ಇವಳೇ’ ಬಿಟ್ಟು ‘ಗಂಗಾ’ ಎನ್ನತೊಡಗಿದ್ದಾಳೆ.

ಮೇಘಶ್ರೀ ಕೂಡ ಬರುತ್ತಾಳೆ. ‘ಅವ್ವಾ, ಇದು ಹೆಂಗೆ?’ ಎಂದು ಕೇಳುತ್ತಾಳೆ. ದನಿಯಲ್ಲಿ ಮುನಿಸಿಲ್ಲ, ಒರಟುತನವಿಲ್ಲ. ಗಂಗಾ ಹೇಳಿಕೊಟ್ಟದ್ದನ್ನು ಬರೆದು, ಬಿಡಿಸಿ, ಪುಸ್ತಕ ಮುಂದೆ ಹಿಡಿದು, ‘ಸರಿ ಐತಾ?’ ಎನ್ನುತ್ತಾಳೆ. ಗಂಗಾ ಎರಡು ಸಲ ನೋಡಿ, ‘ಸರಿ ಐತೆ ತಾಯಿ’ ಎನ್ನುತ್ತಾಳೆ. ಕಾವ್ಯಶ್ರೀ ಸರಿ ಎಂದರೆ ಹುಡುಗಿ ಅಲ್ಲಿಗೆ ಪುಸ್ತಕ ಮುಚ್ಚುತ್ತಾಳೆ. ಅವ್ವ ಸರಿ ಎಂದರೆ ಹೂಂಗುಟ್ಟಿ, ಆಚೆ ಮೂಲೆಗೆ ಹೋಗಿ ಕುಳಿತು, ಬಂದ ಉತ್ತರವನ್ನು ಎರಡೂ ಸಮೀಕರಣಕ್ಕೆ ಹಾಕಿ ಮೊದಲಿನಿಂದ ತಾಳೆ ನೋಡುತ್ತಾಳೆ.